ಅಂಗುಲದ ಲೆಕ್ಕವೂ ಅಂಗಡಿಯ ಲೆಕ್ಕವೂ

2025ರ ದೀಪಾವಳಿಗೆ ಇನ್ನೇನು ಹತ್ತು ದಿನಗಳಿರುವಾಗ ನನ್ನ ಅಳಿಯ ಬೆಂಗಳೂರಿನ ಒಂದು ಮಳಿಗೆಯೊಳಗಿನಿಂದಲೇ ದೂರವಾಣಿ ಮಾಡಿದರು. "ಮಾವ, 55 ಅಂಗುಲದ ಟಿವಿಗೆ ಹೇಳೋ ಬೆಲೆಗೇ 75 ಅಂಗುಲದ್ದು ಸಿಗ್ತಾ ಇದೆ. ಬೈರಕೂರಿನ ಮನೆಗೇ ಕಳಿಸಿಬಿಡ್ಲಾ? ನಾಳೆ ಅಂದ್ರೆ ಇರಲ್ವಂತೆ." ನಾನು ಮೂರು ಪ್ರಶ್ನೆಗಳನ್ನು ಕೇಳಿದೆ. ನಾವು ಅದರಿಂದ ಎಷ್ಟು ಅಡಿ ದೂರ ಕೂರುತ್ತೇವೆ? ಅದರಲ್ಲಿ ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆ? ಕೆಟ್ಟರೆ ಮುಳಬಾಗಿಲು ದಾಟಿ ನಮ್ಮೂರಿಗೆ ಬಂದು ಸರಿಮಾಡುವವರು ಯಾರು? ಮೂರಕ್ಕೂ ಉತ್ತರವಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಳಿಗೆಯ ಹುಡುಗನಿಗೂ ಇರಲಿಲ್ಲ. "ಸಾರ್, ಫೋರ್ ಕೆ ಸಾರ್, ಎಚ್‌ಡಿಆರ್ ಸಾರ್" ಎಂಬ ಅವನ ಮಂತ್ರ ಮಾತ್ರ ನನ್ನ ಕಿವಿಗೂ ಬಿತ್ತು.

ಅದೇ ವಾರ ಸ್ವಾಧ್ಯಾಯ ಗೋಷ್ಠಿಯೊಂದರಲ್ಲಿ ಈ ಪ್ರಸ್ತಾಪ ಬಂದಾಗ ಹಿರಿಯರೊಬ್ಬರು, ಮನೆಗೆ ಟಿವಿ ತರುವುದೇ ತಪ್ಪು, ದೊಡ್ಡ ಟಿವಿ ತರುವುದು ದೊಡ್ಡ ತಪ್ಪು ಎಂದು ಒಂದೇ ಮಾತಿನಲ್ಲಿ ವಿಷಯವನ್ನು ಮುಗಿಸಿಬಿಟ್ಟರು. ಅವರ ವಯಸ್ಸಿಗೂ ವ್ರತನಿಷ್ಠೆಗೂ ನಮಸ್ಕರಿಸಿ ಹೇಳುತ್ತೇನೆ: ನನ್ನ ಅಳಿಯನ ಆತುರಕ್ಕೂ ಹಿರಿಯರ ನಿರಾಕರಣೆಗೂ ನಡುವೆ ಒಂದು ಸಾಮ್ಯವಿದೆ. ಇಬ್ಬರೂ ವಸ್ತುವನ್ನು ನೋಡಲಿಲ್ಲ. ಒಬ್ಬರು ಅಂಗುಲಕ್ಕೆ ಮರುಳಾದರು, ಇನ್ನೊಬ್ಬರು ಅಂಗುಲಕ್ಕೆ ಹೆದರಿದರು. ಈ ಲೇಖನ ಇಬ್ಬರ ವಿರುದ್ಧವೂ ಹೌದು.

ಮೊದಲು ಹಿರಿಯರ ಮಾತನ್ನೇ ತೆಗೆದುಕೊಳ್ಳೋಣ. ಟಿವಿಯಿಲ್ಲದ ಮನೆಯಲ್ಲಿ ಇಂದು ಏನಿದೆ? ಮೌನವಿದೆಯೇ, ಶಾಸ್ತ್ರಾಧ್ಯಯನವಿದೆಯೇ? ನಾನು ಕಂಡ ಮನೆಗಳಲ್ಲಿ ಇರುವುದು ನಾಲ್ಕು ಕೋಣೆ, ನಾಲ್ಕು ಮೊಬೈಲು. ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಯುವ ನಮ್ಮ ಮನೆಗಳಲ್ಲಿ ಸಂಜೆ ದೀರ್ಘವಾಗಿರುತ್ತದೆ. ಆ ದೀರ್ಘ ಸಂಜೆಯಲ್ಲಿ ತಂದೆ ಏನು ನೋಡುತ್ತಿದ್ದಾನೆಂದು ಮಗನಿಗೆ ತಿಳಿಯದು, ಮಗಳು ಏನು ನೋಡುತ್ತಿದ್ದಾಳೆಂದು ತಾಯಿಗೆ ತಿಳಿಯದು. ಅಂಗೈಯಗಲದ ಪರದೆಯಲ್ಲಿ ನೋಡುವುದಕ್ಕೆ ಸಾಕ್ಷಿಯಿಲ್ಲ. ಹಜಾರದಲ್ಲಿ ಎಲ್ಲರಿಗೂ ಕಾಣುವಂತಿರುವ ಒಂದು ಪರದೆಯಲ್ಲಿ ಯಾವ ಚಿತ್ರ ನೋಡಬೇಕೆಂಬುದಕ್ಕೆ ಮನೆಯವರೆಲ್ಲರೂ ಒಪ್ಪಬೇಕು, ಒಪ್ಪದಿದ್ದರೆ ವಾದಿಸಬೇಕು. ಆ ವಾದವೇ ಎಷ್ಟೋ ಮನೆಗಳಲ್ಲಿ ಇಂದು ಉಳಿದಿರುವ ಏಕೈಕ ಮಾತುಕತೆ.

ನನ್ನ ಬಾಲ್ಯದಲ್ಲಿ ನಮ್ಮ ಸೀಮೆಗೆ ಸಿನಿಮಾ ಬರುತ್ತಿದ್ದುದು ಟೆಂಟಿನಲ್ಲಿ. ನೆಲದ ಮೇಲೆ ಚಾಪೆ, ಪಕ್ಕದಲ್ಲಿ ಅಜ್ಜಿ, ಮುಂದೆ ಅರ್ಧ ಊರು. 1965ರ 'ಸತ್ಯ ಹರಿಶ್ಚಂದ್ರ'ವನ್ನು ಅದು ಬಿಡುಗಡೆಯಾಗಿ ಎಷ್ಟೋ ವರ್ಷಗಳ ಮೇಲೆ ಹಾಗೆಯೇ ನೋಡಿದೆ. ಅಜ್ಜಿ ಅತ್ತಿದ್ದು ನೆನಪಿದೆ. ಅನಂತರ ದೂರದರ್ಶನ ಬಂತು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆದಾಗ ಕರ್ನಾಟಕದ ಪಾಲಿಗೆ ಆಯ್ಕೆಯಾದುದು ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳು. ನಮ್ಮ ಕೋಲಾರದವರು ಕಾಯಬೇಕಾಯಿತು. 1982ರಲ್ಲಿ ಬಣ್ಣ ಬಂತು. 1987ರ ಜನವರಿಯಲ್ಲಿ 'ರಾಮಾಯಣ' ಆರಂಭವಾದಾಗ ಭಾನುವಾರ ಬೆಳಗ್ಗೆ ಒಂದು ಟಿವಿಯ ಮುಂದೆ ನಲವತ್ತು ಜನ ಕೂರುತ್ತಿದ್ದರು. ಆ ಟಿವಿಗಳ ಗಾಜು 20 ಅಥವಾ 21 ಅಂಗುಲ. ಯಾರೂ ಚಿಕ್ಕದೆಂದು ದೂರಲಿಲ್ಲ, ನಿಜ. ಆದರೆ ಅದು ಸಂತೃಪ್ತಿಯೆಂದು ಈಗ ಹಾಡಿ ಹೊಗಳುವುದು ಬೇಡ. ಬೇರೆ ದಾರಿಯಿರಲಿಲ್ಲ, ಅಷ್ಟೆ. ಸಿನಿಮಾ ದೊಡ್ಡ ಪರದೆಗಾಗಿ ತೆಗೆದ ವಸ್ತು. ಅದನ್ನು ನೋಡುವುದಾದರೆ ತಕ್ಕಷ್ಟು ದೊಡ್ಡದಾಗಿ ನೋಡುವುದರಲ್ಲಿ ಆಡಂಬರವಿಲ್ಲ.

ತಕ್ಕಷ್ಟು ಎಂದರೆ ಎಷ್ಟು? ಇದಕ್ಕೆ ಅಳತೆಯಿದೆ. ಚಿತ್ರವು ನಮ್ಮ ಕಣ್ಣಿನ ಮುಂದೆ ಸುಮಾರು 30 ಡಿಗ್ರಿಯಷ್ಟು ಅಗಲವಾಗಿ ಹರಡಿಕೊಂಡರೆ ಸಿನಿಮಾ ನೋಡಿದಂತಾಗುತ್ತದೆ ಎಂಬುದು ಬಲ್ಲವರು ಬಹುಕಾಲದಿಂದ ಇಟ್ಟುಕೊಂಡಿರುವ ಮಾನದಂಡ. ಲೆಕ್ಕ ಸುಲಭ. ಕುಳಿತವರ ಕಣ್ಣಿನಿಂದ ಪರದೆಗಿರುವ ದೂರವನ್ನು ಅಂಗುಲದಲ್ಲಿ ಅಳೆದು 1.6ರಿಂದ ಭಾಗಿಸಿ. ಆರು ಅಡಿಯಾದರೆ 45 ಅಂಗುಲದ ಟಿವಿ. ಎಂಟು ಅಡಿಯಾದರೆ 60. ಹತ್ತು ಅಡಿಯಾದರೆ 75. ನಮ್ಮ ಮನೆಗಳ ಹಜಾರ ಸಾಮಾನ್ಯವಾಗಿ ಹತ್ತು ಅಡಿಗೆ ಹನ್ನೆರಡು. ಹತ್ತಡಿಯ ದಿಕ್ಕಿನಲ್ಲಿ ಗೋಡೆಗೆ ಟಿವಿ, ಎದುರು ಗೋಡೆಗೆ ಸೋಫ ಇಟ್ಟರೆ ಸೋಫದ ದಪ್ಪವನ್ನು ಕಳೆದು ಕಣ್ಣಿಗೆ ಉಳಿಯುವುದು ಎಂಟು ಅಡಿ, ಇಲ್ಲವೇ ಅದಕ್ಕೂ ಕಡಿಮೆ. ಆದ್ದರಿಂದ ಅಲ್ಲಿಗೆ 55, ಹೆಚ್ಚೆಂದರೆ 65. ಅಷ್ಟು ಹತ್ತಿರದಲ್ಲಿ 75 ತಂದಿಟ್ಟರೆ ಕಣ್ಣು ಮೂಲೆಯಿಂದ ಮೂಲೆಗೆ ಓಡಾಡುತ್ತದೆ, ಪ್ರಸಾರದ ಒರಟುತನವೆಲ್ಲ ಎದ್ದು ಕಾಣುತ್ತದೆ. ಹಾಗೆಯೇ 'ನಮಗೇಕೆ ದೊಡ್ಡದು' ಎಂದು ಅದೇ ಹಜಾರಕ್ಕೆ 32 ತರುವವರು ಸಿನಿಮಾ ನೋಡುವುದಿಲ್ಲ, ಸಿನಿಮಾದ ಅಂಚೆಚೀಟಿ ನೋಡುತ್ತಾರೆ.

ಅಂಗುಲವೆಂದರೆ ಕರ್ಣದ ಅಳತೆ ಎಂಬುದನ್ನೂ ಮರೆಯಬಾರದು. 55ಕ್ಕೂ 65ಕ್ಕೂ ಹತ್ತೇ ಅಂಗುಲ ವ್ಯತ್ಯಾಸವೆನ್ನಿಸಿದರೂ ಪರದೆಯ ವಿಸ್ತೀರ್ಣದಲ್ಲಿ 65 ಸುಮಾರು ಶೇಕಡ 40ರಷ್ಟು ಹೆಚ್ಚು. 43ಕ್ಕೆ ಹೋಲಿಸಿದರೆ 55ರ ವಿಸ್ತೀರ್ಣ ಶೇಕಡ 60ಕ್ಕೂ ಅಧಿಕ. ಆದುದರಿಂದ 43ರಿಂದ 55ಕ್ಕೆ ಹೋಗಲು ಕೊಡುವ ಹೆಚ್ಚಿನ ಹಣಕ್ಕೆ ಪ್ರತಿಫಲ ಕಣ್ಣಿಗೆ ಕಾಣುತ್ತದೆ. ಹಣ ಅಷ್ಟೇ ಇದೆಯೆಂದಾಗ ಅಗ್ಗದ 65 ಕೊಳ್ಳುವುದೋ, ಒಳ್ಳೆಯ 55 ಕೊಳ್ಳುವುದೋ ಎಂಬಲ್ಲಿ ನನ್ನ ವಾದ ಆರಂಭವಾಗುತ್ತದೆ.

ನಾನು ನಲವತ್ತು ವರ್ಷ ಬಟ್ಟೆಯ ವ್ಯಾಪಾರ ಮಾಡಿದವನು. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಎರಡು ಜಾತಿ. ಒಬ್ಬರು ಮೀಟರಿಗೆ ಎಷ್ಟು ಎಂದು ಕೇಳಿ ಹೋಗುತ್ತಾರೆ. ಇನ್ನೊಬ್ಬರು ಸೆರಗನ್ನು ಬೆಳಕಿಗೆ ಹಿಡಿದು ನೇಯ್ಗೆಯನ್ನು ನೋಡುತ್ತಾರೆ, ಹಿಂಬದಿ ತಿರುಗಿಸುತ್ತಾರೆ, ಒಂದು ಎಳೆ ಎಳೆದು ನೋಡುತ್ತಾರೆ. ನಾವು ವ್ಯಾಪಾರಿಗಳು ಹೆದರುವುದು ಎರಡನೆಯವರಿಗೆ. ಟಿವಿಯ ಅಂಗುಲವೆಂದರೆ ಬಟ್ಟೆಯ ಮೀಟರು. ಅದರ ನೇಯ್ಗೆ ಬೇರೆ. ನಮ್ಮ ಸಮಾಜದಲ್ಲಿ ಮೂರು ತಲೆಮಾರಿನಿಂದ ಬಟ್ಟೆ, ಬೆಳ್ಳಿ, ಧಾನ್ಯ ಅಳೆದುಕೊಟ್ಟ ಮನೆತನಗಳವರು ಟಿವಿಯ ಅಂಗಡಿಗೆ ಹೋದೊಡನೆ ಮೊದಲನೆಯ ಜಾತಿಯ ಗಿರಾಕಿಗಳಾಗಿಬಿಡುವುದೇಕೆ ಎಂಬುದೇ ನನ್ನ ಆಕ್ಷೇಪ.

ನೇಯ್ಗೆಯೆಂದರೆ ಮುಖ್ಯವಾಗಿ ಕಪ್ಪು. ಅಂಗಡಿಯಲ್ಲಿ ತೋರಿಸುವುದು ಹೂವು, ಗಿಳಿ, ಹಣ್ಣು. ಎಲ್ಲವೂ ಬೆಳಕಿನಲ್ಲಿ ತೆಗೆದವು. ಮನೆಯಲ್ಲಿ ನಾವು ನೋಡುವ ಚಿತ್ರಗಳಲ್ಲಿ ಅರ್ಧ ಕತ್ತಲು. 2022ರ 'ಕಾಂತಾರ'ದ ಕೋಲದ ರಾತ್ರಿಗಳನ್ನು ನೆನೆಯಿರಿ: ದೊಂದಿಯ ಜ್ವಾಲೆ, ಅದರ ಸುತ್ತ ಕಾಡಿನ ಕತ್ತಲು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತು 2018ರಲ್ಲಿಯೂ 2022ರಲ್ಲಿಯೂ ಬಂದ 'ಕೆ.ಜಿ.ಎಫ್.' ಚಿತ್ರಗಳೆರಡೂ ಧೂಳು, ಮಸಿ, ನೆರಳುಗಳಲ್ಲಿಯೇ ನಡೆಯುತ್ತವೆ. ಅವುಗಳ ಹೊಡೆದಾಟ ನನಗೆ ಸೇರದು, ಎರಡನೆಯದನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಆದರೆ ಕೋಲಾರದ ಸೈನೈಡ್ ದಿಬ್ಬಗಳ ಮೇಲೆ ಆ ಛಾಯಾಗ್ರಾಹಕ ಕತ್ತಲನ್ನು ಬಳಸಿದ ರೀತಿಯನ್ನು ಮೆಚ್ಚದಿರಲಾರೆ. ಅಗ್ಗದ ಟಿವಿಯಲ್ಲಿ ಆ ಕತ್ತಲೆಲ್ಲ ಬೂದಿಯಾಗುತ್ತದೆ.

ಕಾರಣ ಹೀಗಿದೆ. ಸಾಮಾನ್ಯ ಎಲ್‌ಇಡಿ ಟಿವಿಯೆಂದರೆ ಎಲ್‌ಸಿಡಿ ಪರದೆ, ಅದರ ಹಿಂದೆ ಸದಾ ಉರಿಯುವ ಬಿಳಿ ದೀಪ. ಕಪ್ಪು ಬೇಕಾದಾಗ ಪರದೆಯ ಚುಕ್ಕಿಗಳು ಮುಚ್ಚಿಕೊಂಡು ದೀಪವನ್ನು ತಡೆಯಬೇಕು. ಯಾವುದೂ ಪೂರ್ತಿ ತಡೆಯಲಾರದು. ಐಪಿಎಸ್ ಎಂಬ ಬಗೆಯ ಪರದೆಯಲ್ಲಿ ಬಿಳಿಗೂ ಕಪ್ಪಿಗೂ ಅಂತರ ಸುಮಾರು ಸಾವಿರಕ್ಕೆ ಒಂದು; ವಿಎ ಎಂಬ ಬಗೆಯದರಲ್ಲಿ ಮೂರು ಸಾವಿರ, ಅದಕ್ಕೂ ಹೆಚ್ಚು. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ವಿಎ ಮೇಲು. ಆದರೆ ವಿಎ ಪರದೆಯನ್ನು ಪಕ್ಕದಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. ಮನೆಯವರು ಹಜಾರದ ಮೂಲೆಮೂಲೆಯಲ್ಲಿ ಕುಳಿತು ನೋಡುವ ಅಭ್ಯಾಸವಿದ್ದರೆ ಐಪಿಎಸ್ ವಾಸಿ. ಇದಕ್ಕಿಂತ ಮೇಲ್ಮಟ್ಟದಲ್ಲಿ ಹಿಂಬದಿಯ ದೀಪಗಳನ್ನು ವಲಯಗಳಾಗಿ ವಿಂಗಡಿಸಿ, ಕತ್ತಲಿರುವೆಡೆ ಆರಿಸಿ ಬೆಳಕಿರುವೆಡೆ ಬೆಳಗಿಸುವ ಟಿವಿಗಳಿವೆ. ವಲಯಗಳು ಎಷ್ಟೆಂದು ಕೇಳಬೇಕು. ಮಿನಿ ಎಲ್‌ಇಡಿ ಎಂದರೆ ಇದೇ ತತ್ತ್ವ, ದೀಪಗಳು ಚಿಕ್ಕವು, ವಲಯಗಳು ಹೆಚ್ಚು. ಎಲ್ಲಕ್ಕಿಂತ ಮೇಲಿನದು ಓಎಲ್‌ಇಡಿ. ಅಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ದೀಪ, ಆರಿದರೆ ಪೂರ್ತಿ ಕಪ್ಪು. ಅದರ ಬೆಲೆಯೂ ಹಾಗೆಯೇ. ಇಡೀ ದಿನ ಸುದ್ದಿವಾಹಿನಿ ಹಾಕಿಡುವ ಮನೆಗೆ ಅದು ತಕ್ಕುದಲ್ಲ. ಚಲಿಸದೆ ನಿಂತ ಲಾಂಛನದ ಕಲೆ ಪರದೆಯಲ್ಲಿ ಉಳಿದುಬಿಡುವ ಭಯವಿದೆ. ಹೆಸರು ಕೇಳಿ ಹಲವರು ಗೊಂದಲಗೊಳ್ಳುವ ಕ್ಯೂಎಲ್‌ಇಡಿ ಎಂಬುದು ಓಎಲ್‌ಇಡಿಯ ಸೋದರನಲ್ಲ. ಅದು ಎಲ್‌ಸಿಡಿಯೇ, ಬಣ್ಣ ಹೆಚ್ಚಿಸುವ ಒಂದು ಪದರ ಸೇರಿದೆ. ಒಂದೇ ಒಂದು ಅಕ್ಷರದ ಬಾಲ ಬದಲಿಸಿ ಗಿರಾಕಿಯ ಕಣ್ಣು ತಪ್ಪಿಸುವ ಈ ಚಾತುರ್ಯವನ್ನು ಬಟ್ಟೆಯ ವ್ಯಾಪಾರದಲ್ಲಿ ಮಾಡಿದ್ದರೆ ನನ್ನ ತಂದೆ ನನ್ನನ್ನು ಗಲ್ಲಾಪೆಟ್ಟಿಗೆಯಿಂದ ಎಬ್ಬಿಸುತ್ತಿದ್ದರು.

ಎಚ್‌ಡಿಆರ್ ಎಂಬ ಮುದ್ರೆಯ ಕಥೆ ಇನ್ನೂ ಕೆಟ್ಟದು. ಅದರ ಉದ್ದೇಶ ಜ್ವಾಲೆಯನ್ನು ಜ್ವಾಲೆಯಂತೆಯೂ ನೆರಳನ್ನು ನೆರಳಿನಂತೆಯೂ ಒಂದೇ ಚೌಕಟ್ಟಿನಲ್ಲಿ ತೋರಿಸುವುದು. ಅದಕ್ಕೆ ಪರದೆಯ ಪ್ರಖರತೆ ಕನಿಷ್ಠ 600 ನಿಟ್ಟಿನಷ್ಟಾದರೂ ಬೇಕು. ಅಗ್ಗದ ಟಿವಿಗಳಲ್ಲಿರುವುದು 250, 300. ಆ ಸಂಕೇತವನ್ನು ಟಿವಿ ಓದಬಲ್ಲದು, ತೋರಿಸಲಾರದು. ಆದರೂ ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಎಂದು ಚಿನ್ನದ ಅಕ್ಷರದಲ್ಲಿ ಮುದ್ರಿಸುತ್ತಾರೆ. ಸುಳ್ಳೆಂದು ನ್ಯಾಯಾಲಯದಲ್ಲಿ ಸಾಧಿಸಲಾಗದು. ಸತ್ಯವೆಂದು ಮನಸ್ಸಿಗೆ ಒಪ್ಪದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂದು ಎರಡನ್ನು ಬೇರೆಬೇರೆಯಾಗಿಯೇ ಎಣಿಸಿರುವುದನ್ನು ಓದುಗರು ಬಲ್ಲರು. ತೂಕದಲ್ಲಿ ಮೋಸ ಒಂದು. ಒಂದನ್ನು ಇನ್ನೊಂದರ ರೂಪದಲ್ಲಿ ಕೊಡುವುದು ಇನ್ನೊಂದು. ಅಂಗುಲದಲ್ಲಿ ಕಂಪನಿಗಳು ಮೋಸ ಮಾಡುವುದಿಲ್ಲ. 139 ಸೆಂಟಿಮೀಟರೆಂದು ಬರೆದರೆ 139 ಇರುತ್ತದೆ. ಎಡವುವುದು ಎರಡನೆಯದರಲ್ಲಿ. ಗಿರಾಕಿ ಅಂಗುಲವನ್ನು ಮಾತ್ರ ಅಳೆಯುತ್ತಾನೆಂದು ಅವರಿಗೆ ಗೊತ್ತು.

ಆದುದರಿಂದ ಅಂಗಡಿಯಲ್ಲಿ ಎಳೆ ಎಳೆದು ನೋಡಿ. ಅವರ ಗಿಳಿ-ಹಣ್ಣುಗಳ ಪ್ರದರ್ಶನವನ್ನು ನಿಲ್ಲಿಸಲು ಹೇಳಿ. ನಿಮಗೆ ಪರಿಚಿತವಾದ ಒಂದು ಚಿತ್ರದ ರಾತ್ರಿಯ ದೃಶ್ಯವನ್ನು ಹಾಕಿಸಿ. ಚಿತ್ರದ ವಿಧಾನ 'ವಿವಿಡ್' ಎಂದಿರುತ್ತದೆ. 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಎಂದು ಬದಲಿಸಲು ಹೇಳಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನೋಡಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಮದುವೆಯ ಸೀರೆಗೆ ಮೂರು ಗಂಟೆ ಕೂರುವ ನಾವು ಏಳು ವರ್ಷ ನೋಡುವ ವಸ್ತುವಿಗೆ ಹತ್ತು ನಿಮಿಷ ಕೊಡಲಾರೆವೇ?

4ಕೆ ಎಂಬ ಶಬ್ದದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. 55 ಅಂಗುಲದಲ್ಲಿ ಈಗ ಸಿಗುವುದೆಲ್ಲ ಬಹುತೇಕ ಅದೇ. ಆದರೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಡಿ. 55 ಅಂಗುಲದ ಪರದೆಯಲ್ಲಿ ಹಿಂದಿನ ಫುಲ್ ಎಚ್‌ಡಿಯ ಚುಕ್ಕಿಯೇ ಏಳು ಅಡಿಯಾಚೆ ಆರೋಗ್ಯವಂತ ಕಣ್ಣಿಗೂ ಬಿಡಿಯಾಗಿ ಕಾಣದು. ಎಂಟು ಅಡಿಯಲ್ಲಿ ಕೂರುವ ನನ್ನಂಥ ಕನ್ನಡಕದವರಿಗೆ ಕೇಳಲೇಬೇಡಿ. ಇನ್ನು ಒಳಗೆ ಬರುವ ಚಿತ್ರವೋ? ಡಿಶ್ಶಿನ ಸಾಮಾನ್ಯ ವಾಹಿನಿಗಳಲ್ಲಿ 576 ಗೆರೆ ಮಾತ್ರ. ಎಚ್‌ಡಿ ವಾಹಿನಿಗೆ ಬೇರೆ ಚಂದಾ. ಇಂಟರ್ನೆಟ್ಟಿನ ಮೂಲಕ ನೋಡುವವರಿಗೆ 4ಕೆ ಚಿತ್ರ ಸಾಮಾನ್ಯವಾಗಿ ಮೇಲ್ದರ್ಜೆಯ ಚಂದಾದಾರರಿಗೇ ಮೀಸಲು, ಅದಕ್ಕೆ ಸೆಕೆಂಡಿಗೆ 15 ಮೆಗಾಬಿಟ್ಟಿನಷ್ಟು ಕಡಿಯದ ಸಂಪರ್ಕ ಬೇಕು. ಹೋಬಳಿಯ ಊರುಗಳಲ್ಲಿ ಸಂಜೆ ಏಳರಿಂದ ಹತ್ತರವರೆಗೆ ಅದು ಕಡಿಯದೆ ಬಂದರೆ ಪುಣ್ಯ. ಟಿವಿ ಕೊಳ್ಳುವ ಮೊದಲೇ ಈ ಮೂರು ಚಂದಾಗಳ ವಾರ್ಷಿಕ ಮೊತ್ತವನ್ನು ಕೂಡಿ ನೋಡಿ. ಕೆಲವೇ ವರ್ಷಗಳಲ್ಲಿ ಅದು ಟಿವಿಯ ಬೆಲೆಯನ್ನೇ ಮೀರುವುದನ್ನು ನಾನು ನನ್ನ ಖಾತೆಯಲ್ಲಿಯೇ ಕಂಡಿದ್ದೇನೆ.

ಇಲ್ಲಿ ಹಳೆಯ ಚಿತ್ರಗಳನ್ನು ಪ್ರೀತಿಸುವವರಿಗೆ ಒಂದು ಮಾತು. ಈಗಿನ ಟಿವಿಯ ಆಕಾರ ಹದಿನಾರಕ್ಕೆ ಒಂಬತ್ತು. 'ಸತ್ಯ ಹರಿಶ್ಚಂದ್ರ'ದ ಕಾಲದ ಚಿತ್ರಗಳು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು. ಅಂಥ ಚಿತ್ರವನ್ನು 55 ಅಂಗುಲದ ಟಿವಿಯಲ್ಲಿ ಸರಿಯಾಗಿ ಹಾಕಿದರೆ ಎರಡೂ ಬದಿ ಕಪ್ಪು ಪಟ್ಟಿ ಬಂದು, ಚಿತ್ರದ ಕರ್ಣ 45 ಅಂಗುಲಕ್ಕೆ ಇಳಿಯುತ್ತದೆ. ಇದನ್ನು ಸಹಿಸಲಾರದೆ ರಿಮೋಟಿನಿಂದ ಎಳೆದು ಅಗಲ ಮಾಡಿ, ರಾಜಕುಮಾರರ ಮುಖವನ್ನು ಕುಂಬಳಕಾಯಿ ಮಾಡಿ ನೋಡುವವರು ನಮ್ಮ ನೆಂಟರಲ್ಲಿಯೇ ಇದ್ದಾರೆ. 1977ರಲ್ಲಿ ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರವಾಗಿ ಬಂದ 'ಸೊಸೆ ತಂದ ಸೌಭಾಗ್ಯ'ದಂಥವುಗಳಿಗೆ ಪಟ್ಟಿ ಮೇಲೂ ಕೆಳಗೂ; 27 ಅಂಗುಲ ಎತ್ತರದ ಪರದೆಯಲ್ಲಿ ಚಿತ್ರಕ್ಕೆ ಸಿಗುವುದು 20 ಅಂಗುಲ. ಕಪ್ಪು ಸರಿಯಿಲ್ಲದ ಟಿವಿಯಲ್ಲಿ ಈ ಪಟ್ಟಿಗಳೇ ಬೂದುಬಣ್ಣದಲ್ಲಿ ಹೊಳೆಯುತ್ತಾ ಕೂರುತ್ತವೆ. ಆದ್ದರಿಂದ ಹಳೆಯ ಚಿತ್ರಗಳ ರಸಿಕನಿಗೂ ಕಪ್ಪೇ ಮೊದಲ ಪರೀಕ್ಷೆ.

ಇನ್ನೊಂದು ಕೆಡುಕು ಚಲನೆಯದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಟಿವಿಗಳು ಚೌಕಟ್ಟುಗಳ ನಡುವೆ ತಾವೇ ಕಲ್ಪಿಸಿದ ಚೌಕಟ್ಟುಗಳನ್ನು ತುರುಕಿ ಚಲನೆಯನ್ನು ನುಣುಪಾಗಿಸುತ್ತವೆ. ಕ್ರಿಕೆಟ್ಟಿಗೆ ಅದು ಸರಿ. ಸಿನಿಮಾ ಧಾರಾವಾಹಿಯಂತೆ ಕಾಣತೊಡಗುತ್ತದೆ. ಮನೆಗೆ ತಂದ ದಿನವೇ ಅದನ್ನು ಆರಿಸಿಬಿಡಿ. ಕಾಸು ಖರ್ಚಿಲ್ಲದ ಸುಧಾರಣೆ. ಧ್ವನಿಯ ವಿಷಯದಲ್ಲಿ ಮಾತ್ರ ಕಾಸು ಬೇಕು. ತೆಳ್ಳಗಿನ ಟಿವಿಯಲ್ಲಿ ಸ್ಪೀಕರಿಗೆ ಜಾಗವಿಲ್ಲ. ಸದ್ದು ಕೆಳಕ್ಕೋ ಹಿಂದಕ್ಕೋ ಹೋಗುತ್ತದೆ, ವಯಸ್ಸಾದವರಿಗೆ ಸಂಭಾಷಣೆ ಕೇಳದು. ಬಜೆಟ್ಟಿನಲ್ಲಿ ಐದನೆಯ ಒಂದು ಪಾಲನ್ನು ಬೇರೆ ಸ್ಪೀಕರಿಗೆ ತೆಗೆದಿಟ್ಟು ಉಳಿದುದರಲ್ಲಿ ಟಿವಿ ಕೊಳ್ಳುವುದು ಮೇಲು.

ಈಗ ಹಣದ ಲೆಕ್ಕ. ಬಿ.ಕಾಂ. ಓದಿದ್ದು ಇಲ್ಲಿಯಾದರೂ ಉಪಯೋಗಕ್ಕೆ ಬರಲಿ.

2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಒಡನೆಯೇ 'ಶೇಕಡ 10 ಅಗ್ಗ' ಎಂದು ಫಲಕಗಳು ಎದ್ದವು. ತೆರಿಗೆಗೆ ಮುಂಚಿನ ಬೆಲೆ 40,000 ಎಂದಿಟ್ಟುಕೊಳ್ಳಿ. ಹಿಂದೆ 51,200, ಈಗ 47,200. ಇಳಿದುದು 4,000. ಅದು ಹಳೆಯ ಬೆಲೆಯ ಶೇಕಡ 8ಕ್ಕೂ ತುಸು ಕಡಿಮೆ. ಹತ್ತಲ್ಲ. ಎರಡು ಶೇಕಡ ದೊಡ್ಡ ಮೊತ್ತವೇನಲ್ಲ. ಆದರೆ ಗುಣಾಕಾರ ಬಲ್ಲ ಸಮಾಜದವರು ಇದನ್ನು ನಂಬಿ ಮಾತನಾಡುವುದನ್ನು ಕೇಳಿ ನನಗೆ ನಾಚಿಕೆಯಾಯಿತು. ಎಂಆರ್‌ಪಿಯ ಮೇಲಿನ 'ಶೇಕಡ 50 ರಿಯಾಯಿತಿ' ಇನ್ನೂ ಹಾಸ್ಯಾಸ್ಪದ. ಯಾರೂ ಎಂದೂ ಕೊಡದ ಬೆಲೆಯನ್ನು ಬರೆದು, ಅದನ್ನು ಹೊಡೆದುಹಾಕಿ, ಅದರ ಕೆಳಗೆ ನಿಜಬೆಲೆ ಬರೆಯುವುದಕ್ಕೆ ರಿಯಾಯಿತಿ ಎನ್ನುವುದಾದರೆ ನಾನು ನನ್ನ ಅಂಗಡಿಯಲ್ಲಿ ಜೀವನಪೂರ್ತಿ ದಾನ ಮಾಡಿದ್ದೇನೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು 'ಬಡ್ಡಿರಹಿತ ಕಂತು'. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆಯಲ್ಲಿ ತಿಳಿಸಿತು. ಹೆಸರು ಬದಲಾಗಿದೆ, ಬಡ್ಡಿ ಎಲ್ಲಿಯೂ ಹೋಗಿಲ್ಲ. 60,000ದ ಟಿವಿಯನ್ನು ತಿಂಗಳಿಗೆ 5,000ದಂತೆ 12 ಕಂತಿನಲ್ಲಿ ಕೊಡುತ್ತಾರೆ. ಅದೇ ಟಿವಿಯನ್ನು ನಗದು ಕೊಟ್ಟು ಕೇಳಿದರೆ 56,000ಕ್ಕೆ ಬರುತ್ತದೆ. ಹಾಗಾದರೆ ನೀವು ಸಾಲ ಪಡೆದುದು 56,000, ಹಿಂದಿರುಗಿಸುವುದು 60,000. ಅಸಲು ತಿಂಗಳಿಗೊಮ್ಮೆ ಕರಗುತ್ತಾ ಹೋಗುವುದರಿಂದ ಇದು ವರ್ಷಕ್ಕೆ ಸುಮಾರು ಶೇಕಡ 13ರ ಬಡ್ಡಿ. ಅದರ ಮೇಲೆ ಸಂಸ್ಕರಣಾ ಶುಲ್ಕ, ಬಡ್ಡಿಯ ಮೇಲೆ ಜಿಎಸ್‌ಟಿ. ಕಂತು ತಪ್ಪಿದರೆ ದಂಡ. ಸಾಲ ಕೊಟ್ಟು ಬಡ್ಡಿ ಎಣಿಸಿದ ಮನೆತನಗಳ ಮಕ್ಕಳು ಈಗ ಸಾಲ ಪಡೆದು ಬಡ್ಡಿಯನ್ನೇ ಎಣಿಸುವುದಿಲ್ಲವೆಂದರೆ ಏನೆನ್ನೋಣ! ಪರಿಗ್ರಹ ಪರಿಮಾಣವನ್ನು ಮನೆಯಲ್ಲಿಯೇ ನಿಶ್ಚಯಿಸಿ, ಮೊತ್ತವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟು ಅಂಗಡಿಗೆ ಹೋಗುವುದು ಹಳೆಯ ಕ್ರಮ. ಅಂಗಡಿಯಲ್ಲಿ ನಿಶ್ಚಯಿಸಿದ ಪರಿಮಾಣ ಅಂಗಡಿಯವನ ಪರಿಮಾಣ.

ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. 2021ರಲ್ಲಿ 65 ಅಂಗುಲದ ಟಿವಿಯೊಂದನ್ನು ಅಗ್ಗವೆಂದು 46,000ಕ್ಕೆ ತರಿಸಿದೆ. ಹದಿನಾಲ್ಕನೆಯ ತಿಂಗಳು ಪರದೆಯ ಕೆಳಗಿನ ಅರ್ಧ ಕತ್ತಲಾಯಿತು. ಖಾತರಿ ಮುಗಿದು ಎರಡು ತಿಂಗಳಾಗಿತ್ತು. ಕಂಪನಿಯ ಕಡೆಯವನು ಹತ್ತು ದಿನಗಳ ಮೇಲೆ ಬಂದು, ಪ್ಯಾನಲ್ ಹೋಗಿದೆ, 34,000 ಎಂದ. ಸುಮ್ಮನೆ ಹೊರಗೆ ಹಾಕುವ ಮನಸ್ಸಾಗದೆ ಪರಿಚಯದ ರಿಪೇರಿಯವರೊಬ್ಬರಿಗೆ ತೋರಿಸಿದೆ. ಅವರು ಹಿಂಬದಿ ಬಿಚ್ಚಿ, "ಅಣ್ಣಾ, ಪ್ಯಾನಲ್ ಚೆನ್ನಾಗೇ ಐತೆ, ಹಿಂದಿನ ಲೈಟ್ ಪಟ್ಟಿ ಹೋಗೈತೆ ಅಷ್ಟೇ" ಎಂದು 4,500ಕ್ಕೆ ಪಟ್ಟಿ ಬದಲಿಸಿಕೊಟ್ಟರು. ಆ ಟಿವಿ ಇಂದಿಗೂ ಮಗನ ಮನೆಯಲ್ಲಿ ಉರಿಯುತ್ತಿದೆ. ಅಂದಿನಿಂದ ನನ್ನ ಮೊದಲ ಪ್ರಶ್ನೆ ಖಾತರಿ ಎಷ್ಟು ವರ್ಷ, ಪ್ಯಾನಲಿಗೆ ಬೇರೆ ಖಾತರಿಯುಂಟೇ, ಹಿಂಬದಿಯ ದೀಪ ಆ ಖಾತರಿಯ ಒಳಗೋ ಹೊರಗೋ, ಸೇವಾಕೇಂದ್ರ ಕೋಲಾರದಲ್ಲಿದೆಯೋ ಬೆಂಗಳೂರಿನಲ್ಲಿಯೋ ಎಂಬುದು. ಪ್ರಖರತೆಯನ್ನು ಸದಾ ನೂರಕ್ಕೆ ನೂರು ಇಟ್ಟರೆ ಆ ದೀಪದ ಪಟ್ಟಿಗಳು ಬೇಗ ಸುಡುತ್ತವೆ ಎಂಬುದೂ ಆ ರಿಪೇರಿಯವರಿಂದಲೇ ಕಲಿತದ್ದು. ನಮ್ಮ ಜಿಲ್ಲೆಯ ಗಣಿಗೆ ಶಿವನಸಮುದ್ರದಿಂದ 1902ರಲ್ಲಿಯೇ ವಿದ್ಯುತ್ತು ಬಂದಿತೆಂದು ಹೆಮ್ಮೆಪಡುತ್ತೇವೆ. ಹಳ್ಳಿಯ ಮನೆಯಲ್ಲಿ ಇಂದಿಗೂ ವೋಲ್ಟೇಜು ಏರಿಳಿಯುತ್ತದೆ, ಆದುದರಿಂದ ಸ್ಟೆಬಿಲೈಸರಿನ ಖರ್ಚನ್ನೂ ಸೇರಿಸಿಕೊಳ್ಳಿ.

ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆಮತ್ತೆ ಅನುಭವಿಸುವುದು ಉಪಭೋಗ ಎಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಂಗಡಿಸಿದ್ದಾರೆ. ಟಿವಿ ಉಪಭೋಗದ ವಸ್ತು. ಅದರ ಬೆಲೆಯನ್ನು ಕೊಂಡ ದಿನದಲ್ಲಲ್ಲ, ಬಳಸಿದ ವರ್ಷಗಳಲ್ಲಿ ಎಣಿಸಬೇಕು. 56,000 ಕೊಟ್ಟು ಏಳು ವರ್ಷ ಬಂದರೆ ವರ್ಷಕ್ಕೆ 8,000. 40,000ಕ್ಕೆ ತಂದು ಮೂರು ವರ್ಷಕ್ಕೆ ಎಸೆದರೆ ವರ್ಷಕ್ಕೆ 13,333. ಅಗ್ಗದ್ದು ಯಾವುದು? ಎಸೆದ ಟಿವಿ ಎಲ್ಲಿಗೆ ಹೋಗುತ್ತದೆಂಬುದನ್ನೂ ಯೋಚಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಅದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಆದರೂ ಗುಜರಿಯವನ ಸೈಕಲ್ಲಿಗೆ ಕೊಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಅದನ್ನು ಬಯಲಿನಲ್ಲಿ ಒಡೆದು ಸುಟ್ಟರೆ ಆ ಹೊಗೆಯಲ್ಲಿ ಸಾಯುವ ಜೀವಗಳ ಲೆಕ್ಕವೂ ನಮ್ಮದೇ.

ಬ್ರ್ಯಾಂಡಿನ ಬಗ್ಗೆ ಯಾರಾದರೂ ಕೇಳಿದರೆ ನಾನು ತಿರುಪತಿಯ ಕಡೆ ಕೈ ತೋರಿಸುತ್ತೇನೆ. ಗಡಿಯಾಚೆ ಚಿತ್ತೂರನ್ನು ದಾಟಿದರೆ ಸಿಗುವ ಆ ಊರಿನ ಬಳಿ ಡಿಕ್ಸನ್ ಎಂಬ ಕಂಪನಿಯ ಕಾರ್ಖಾನೆಯಲ್ಲಿ ಹಲವು ಹೆಸರುಗಳ ಟಿವಿಗಳನ್ನು ಜೋಡಿಸಿದ್ದಾರೆ. ಪರದೆಗಳು ಬಹುಪಾಲು ಚೀನದ ಕೆಲವೇ ಕಾರ್ಖಾನೆಗಳಿಂದ ಬರುತ್ತವೆ. ಹೊರಗಿನ ಹೆಸರಿಗಾಗಿ ಹತ್ತು ಸಾವಿರ ಹೆಚ್ಚು ಕೊಡುವ ಮೊದಲು, ಆ ಹೆಸರಿನೊಂದಿಗೆ ಒಳ್ಳೆಯ ಸೇವೆಯೂ ವರ್ಷಾಂತರದಲ್ಲಿ ತಂತ್ರಾಂಶದ ನವೀಕರಣವೂ ಬರುತ್ತವೆಯೇ ಎಂದು ನೋಡಿ. ಬಂದರೆ ಕೊಡಿ. ಹಿಂದಿನ ವರ್ಷದ ಮಾದರಿಯಾದರೂ ಚಿಂತೆಯಿಲ್ಲ. ಹೊಸ ಮಾದರಿ ಬಂದಾಗ ಇಳಿಯುವ ಬೆಲೆಯೊಂದೇ ನಾನು ಒಪ್ಪುವ ರಿಯಾಯಿತಿ.

ಮಂದಿರಗಳ ಟ್ರಸ್ಟುಗಳಿಗೂ ಒಂದು ಕಟುವಾದ ಮಾತು ಹೇಳಬೇಕಾಗಿದೆ. ಪ್ರವಚನದ ಸಭಾಂಗಣಕ್ಕೆಂದು ದಾನಿಗಳಿಂದ 75 ಅಂಗುಲದ ಟಿವಿ ಪಡೆದು, ಅದರ ಅಂಚಿಗೆ ದಾನಿಯ ಹೆಸರಿನ ಪಟ್ಟಿ ಅಂಟಿಸುವುದು ಈಗ ಸಂಪ್ರದಾಯವಾಗುತ್ತಿದೆ. ಮೂವತ್ತು ಅಡಿ ಉದ್ದದ ಸಭಾಂಗಣದ ಕೊನೆಯ ಸಾಲಿಗೆ ಮೇಲಿನ ಲೆಕ್ಕವನ್ನೇ ಅನ್ವಯಿಸಿ: 360 ಅಂಗುಲವನ್ನು 1.6ರಿಂದ ಭಾಗಿಸಿದರೆ 225. ಮೂರು ಅಡಿ ಎತ್ತರದ ಟಿವಿಯಲ್ಲಿ ಗಾಥೆಯ ಅಕ್ಷರ ಹಿಂದೆ ಕುಳಿತ ಅಜ್ಜಿಯರಿಗೆ ಕಾಣುವುದಿಲ್ಲ. ಅವರು ಕಾಣದೆಂದು ಹೇಳುವವರೂ ಅಲ್ಲ. ಅಲ್ಲಿಗೆ ಬೇಕಾದುದು ಪ್ರೊಜೆಕ್ಟರು, ಬಿಳಿ ಪರದೆ, ಕಿಟಕಿಗೆ ದಪ್ಪ ಬಟ್ಟೆ. ದಾನಿಯ ಹೆಸರು ಅಂಟಿಸಲು ಅದರಲ್ಲಿ ಅಂಚಿಲ್ಲ ಎಂಬುದೊಂದೇ ಅಡ್ಡಿಯಾಗಿದ್ದರೆ ದಾನಿಗಳೊಂದಿಗೆ ನಾನೇ ಮಾತನಾಡಲು ಸಿದ್ಧನಿದ್ದೇನೆ. ಅರಿಶಿನ ಕುಂಕುಮಕ್ಕೂ ಮೂರು ಕಡೆ ದರ ವಿಚಾರಿಸುವ ಟ್ರಸ್ಟಿಗಳು ಲಕ್ಷದ ಟಿವಿಯನ್ನು ಒಬ್ಬ ಪರಿಚಿತನ ಮಾತಿನ ಮೇಲೆ ತರಬಾರದು.

ಅಳಿಯ ಆ ದಿನ 75 ಅಂಗುಲದ್ದನ್ನು ತರಲಿಲ್ಲ. "ನೀವೇ ಬಂದು ನೋಡಿ ಮಾವ, ನಂಗೆ ಸಾಕಾಯ್ತು" ಎಂದು ಫೋನಿಟ್ಟರು. ಮರುವಾರ ಇಬ್ಬರೂ ಕೋಲಾರದ ಅಂಗಡಿಯೊಂದಕ್ಕೆ ಹೋಗಿ ಕತ್ತಲ ದೃಶ್ಯ ಹಾಕಿಸಿದೆವು. ಮೂರರಲ್ಲಿ ಎರಡು ಟಿವಿಗಳು ಅಲ್ಲಿಯೇ ಬಿದ್ದವು. ಉಳಿದದ್ದು 55 ಅಂಗುಲದ್ದು, ಹಿಂದಿನ ವರ್ಷದ ಮಾದರಿ, ವಲಯವಾರು ದೀಪದ್ದು, ಮೂರು ವರ್ಷದ ಖಾತರಿ. ಚೀಟಿಯಲ್ಲಿ ಬರೆದಿದ್ದ ಮೊತ್ತಕ್ಕಿಂತ 1,500 ಹೆಚ್ಚಾಯಿತು. ಅದನ್ನು ನಾನು ನನ್ನ ಲೆಕ್ಕದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಮನೆಗೆ ಬಂದ ಮೇಲೆ ಸೋಫವನ್ನು ಗೋಡೆಯಿಂದ ಒಂದು ಅಡಿ ಮುಂದಕ್ಕೆ ಎಳೆದೆವು. ಮೊದಲ ಚಿತ್ರ ಯಾವುದೆಂದು ಮೊಮ್ಮಗನಿಗೂ ನನ್ನ ಹೆಂಡತಿಗೂ ಮುಕ್ಕಾಲು ಗಂಟೆ ವಾದ ನಡೆಯಿತು, ಅವಳು ಗೆದ್ದಳು. 'ಸತ್ಯ ಹರಿಶ್ಚಂದ್ರ'ವನ್ನು 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರಲ್ಲ, ಅದು ಬೇಡ, ಕಪ್ಪು ಬಿಳುಪಿನದೇ ಬೇಕೆಂದಳು. ಸ್ಮಶಾನದ ದೃಶ್ಯ ಬಂದಾಗ ಮೊಮ್ಮಗ, "ತಾತ, ಪಕ್ಕದ ಪಟ್ಟಿ ಯಾವುದು, ರಾತ್ರಿ ಯಾವುದು ಅಂತಾನೇ ಗೊತ್ತಾಗ್ತಿಲ್ಲ" ಎಂದ.